ಎರಡು ಕೊಳಗ

ಧಣಿಗಳ ಮನೆಯಲ್ಲಿ ಎರಡು ಕೊಳಗ ಇರುತ್ತಿದ್ದವು. ಅಳೆದುಕೊಳ್ಳೋಕೆ ದೊಡ್ಡದು, ಕೂಲಿ ಅಳೆದುಕೊಡೋಕೆ ಚಿಕ್ಕದು. ಅಕ್ಷರ ಕಲಿಯದ ನಮ್ಮಪ್ಪಂದಿರಿಗೂ ಈ ಮೋಸ ಗೊತ್ತಿತ್ತು; ಬಾಯಿ ಬಿಟ್ಟರೆ ಬೆನ್ನ ಮೇಲೆ ಬಾರುಕೋಲು. ಈಗ ನಾವು ನಾಲ್ಕಕ್ಷರ ಕಲಿತು ಸರ್ಕಾರದ ಲೆಕ್ಕದ ಪುಸ್ತಕ ತೆರೆದರೆ ಅಲ್ಲೂ ಅದೇ ಎರಡು ಕೊಳಗ! ಒಂದರ ಹೆಸರು ರಾಷ್ಟ್ರೀಯ ಆದಾಯ. ಇನ್ನೊಂದರ ಹೆಸರು ಬೆಲೆ ಸೂಚ್ಯಂಕ.

ದೊಡ್ಡ ಕೊಳಗ ನೋಡೋಣ. ದೇಶದಲ್ಲಿ ಒಂದು ವರ್ಷ ಹುಟ್ಟಿದ ಸರಕು, ಸೇವೆಗಳಿಗೆ ಬೆಲೆ ಕಟ್ಟಿ ಕೂಡಿಸುತ್ತಾರೆ. ಬೆಲೆಯಿಲ್ಲದ್ದು ಬಹುಪಾಲು ಲೆಕ್ಕಕ್ಕಿಲ್ಲ. ಗೊಟ್ಟಿಗೆರೆಯ ಹೆಸರಲ್ಲೇ ಕೆರೆಯಿದೆ. ಕೆರೆ ಪುಕ್ಕಟೆ ನೀರು ಕೊಟ್ಟರೆ ಆದಾಯವಲ್ಲ. ನೈಸ್ ರಸ್ತೆ ಬಂತು, ಬನ್ನೇರುಘಟ್ಟ ರಸ್ತೆಗುಂಟ ಅಪಾರ್ಟ್‌ಮೆಂಟು ಎದ್ದವು, ಕೆರೆ ಸೊರಗಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿದಾಗ ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ದರ ಗೊತ್ತು ಮಾಡಿತು. ರಸ್ತೆ ಮಾಡಿದ್ದೂ ಜಮೆ, ನೀರು ಮಾರಿದ್ದೂ ಜಮೆ. ಕೆರೆ ಸೊರಗಿದ್ದು ಮಾತ್ರ ಖರ್ಚಿನ ಕಡೆ ಇಲ್ಲ!

ನಮ್ಮಕ್ಕ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತಿಕ್ಕಿದರೆ ಆದಾಯ. ಮನೆಗೆ ಬಂದು ಅದೇ ಕೈಯಲ್ಲಿ ತಿಕ್ಕಿದರೆ ಸೊನ್ನೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಸವೆಸುತ್ತಾರೆ, ಗಂಡಸರು 88.

ಹೀಗೆ ಅಳೆದದ್ದನ್ನು ತಲೆಗಳಿಂದ ಭಾಗಿಸಿ ತಲಾ ಆದಾಯ ಅಂತಾರೆ. ಅದರಲ್ಲಿ ಬೆಂಗಳೂರು ನಗರ ಜಿಲ್ಲೆ ರಾಜ್ಯಕ್ಕೇ ಮೊದಲು. ಒಬ್ಬ ಹತ್ತು ಮುದ್ದೆ ನುಂಗಿ ಒಂಬತ್ತು ಜನ ಉಪವಾಸ ಮಲಗಿದರೂ ಲೆಕ್ಕದಲ್ಲಿ ತಲೆಗೊಂದು ಮುದ್ದೆ.

ಇನ್ನು ಚಿಕ್ಕ ಕೊಳಗ. ಕಾರ್ಮಿಕರ ಮನೆ ಖರ್ಚನ್ನು 100 ಪಾಲು ಮಾಡಿ ಊಟಕ್ಕಿಷ್ಟು, ಬಾಡಿಗೆಗಿಷ್ಟು ಅಂತ ತೂಕ ಕಟ್ಟುತ್ತಾರೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ತೂಕ 46.20 ಇತ್ತು. 2020ರಲ್ಲಿ ಆಧಾರ ವರ್ಷವನ್ನು 2001ರಿಂದ 2016ಕ್ಕೆ ತಂದಾಗ ಅದು 39.17ಕ್ಕೆ ಇಳಿಯಿತು. ಜನ ಈಗ ಬೇರೆಯದಕ್ಕೂ ಖರ್ಚು ಮಾಡ್ತಾರಂತೆ. ಯಾವ ಜನ, ಸ್ವಾಮಿ? ಬರೀ ಆಹಾರದ ಬೆಲೆ ನೂರಕ್ಕೆ ಹತ್ತು ಏರಿತು ಅನ್ನಿ. ಹಳೇ ತೂಕದಲ್ಲಿ ಒಟ್ಟು ಏರಿಕೆ ನೂರಕ್ಕೆ 4.6, ಹೊಸದರಲ್ಲಿ 3.9. ನೂರು ರೂಪಾಯಲ್ಲಿ ಅರವತ್ತನ್ನು ಒಲೆಗೇ ಸುರಿಯುವ ಮನೆಗೆ ಏರಿದ್ದು 6. ಈ ಕೊರತೆಯನ್ನು ಯಾರು ತುಂಬುತ್ತಾರೆ? ಮಕ್ಕಳ ತಟ್ಟೆಯಿಂದಲೇ ತೆಗೆದು ತುಂಬಬೇಕು.

ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ, ಆ ಅಂತರ ದುಡಿಯುವವನ ನಷ್ಟವೆಂದು ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆ ಕುರಿತ ಪುಸ್ತಕದಲ್ಲಿ ತೋರಿಸಿದ್ದರು. ಆ ಅಂತರ ಮುಚ್ಚೋಕೆ ಅಂತಲೇ ತುಟ್ಟಿಭತ್ಯೆ. ಅದಾದರೂ ದಕ್ಕಿತೇ? 2020ರ ಏಪ್ರಿಲಿನಿಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಬರಬೇಕಿದ್ದದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಜುಲೈನಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಬಿಚ್ಚಿಸಲು ವರ್ಷಗಟ್ಟಲೆ ಹೋರಾಡಬೇಕಾಯಿತು. ಕೊಳಗ ಚಿಕ್ಕದು, ಅದನ್ನೂ ಬೋರಲು ಹಾಕಿದರು!

ಲೆಕ್ಕವೇ ಬೇಡವೆಂದು ನಾವು ಹೇಳುತ್ತಿಲ್ಲ. ದಾದಾಭಾಯಿ ನವರೋಜಿ 1867-68ರ ಭಾರತದ ಆದಾಯ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಹಾಕಿ, ಜೈಲಿನ ಕೈದಿಯ ಊಟ ಬಟ್ಟೆಗೂ ಅದು ಸಾಲದೆಂದು ಬಿಳಿ ದೊರೆಗಳ ಮುಖಕ್ಕೆ ಹಿಡಿದರು. ಅವತ್ತು ಲೆಕ್ಕವೇ ಬಂಡಾಯವಾಗಿತ್ತು.

ಇವತ್ತೂ ಆಗಬೇಕು. ಬಡವರ ಬುಟ್ಟಿಗೆ ಬೇರೆ ಸೂಚ್ಯಂಕ ಬರಲಿ. ಅವ್ವಂದಿರ ದುಡಿಮೆ ಜಮೆಯಾಗಲಿ. ಕೆರೆಯ ಸಾವು ಖರ್ಚಿಗೆ ಬೀಳಲಿ. ಗೆಳೆಯರೇ, ಅಳೆಯುವ ಕಣಕ್ಕೆ ನಾವೂ ಇಳಿಯೋಣ. ಕೊಳಗ ಮುಟ್ಟಿ, ತಿರುಗಿಸಿ, ತಳ ಬಡಿದು ನೋಡೋಣ.