ಇಳಿವಯಸ್ಸಿಗೂ ಕಾಯಕವುಂಟು



ಕಳೆದ ಶ್ರಾವಣ ಮಾಸದಲ್ಲಿ ಬೆಂಗಳೂರಿನ ಮಹದೇವಪುರದ ಭಕ್ತರೊಬ್ಬರ ಮನೆಯಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆಯನ್ನೂ, ಅನಂತರ ಶರಣರ ಕಾಯಕತತ್ತ್ವವನ್ನು ಕುರಿತ ಉಪನ್ಯಾಸವನ್ನೂ ನಡೆಸಿಕೊಡುವ ಅವಕಾಶ ನಮಗೆ ಒದಗಿತ್ತು. ನಾವು ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ಆ ಭಾಗವೆಲ್ಲ ಕೆರೆ, ತೋಟ, ರಾಗಿಹೊಲಗಳ ಹಳ್ಳಿಗಾಡು. ಸಮೀಪದ ದೂರವಾಣಿನಗರದಲ್ಲಿ 1948 ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯೇ ಅಂದಿನ ದೊಡ್ಡ ಉದ್ಯಮ. ಇಂದು ಅಲ್ಲಿ ಮುಗಿಲು ಮುಟ್ಟುವ ಗಾಜಿನ ಕಟ್ಟಡಗಳು. 2007 ರಲ್ಲಿ ಮಹದೇವಪುರವು ಬೆಂಗಳೂರು ಮಹಾನಗರದೊಳಗೆ ಸೇರಿತು. 2023 ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೋ ರೈಲೂ ಓಡತೊಡಗಿತು. ಬಾಗಲಕೋಟೆ, ವಿಜಯಪುರ, ಕಲಬುರಗಿ, ದಾವಣಗೆರೆಗಳಿಂದ ನಮ್ಮ ಮಕ್ಕಳು ಉದ್ಯೋಗವನ್ನರಸಿ ಅಲ್ಲಿಗೆ ಬಂದರು. ಅವರ ಹಿಂದೆ ವಯಸ್ಸಾದ ತಂದೆತಾಯಿಗಳೂ ಬಂದರು.

ಪ್ರಸಾದವಾದ ಮೇಲೆ ಮನೆಯ ಹಿರಿಯರು ನಮ್ಮನ್ನು ಒಳಕೋಣೆಗೆ ಕರೆದರು. ಅವರು ತಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಾರ್ಯದರ್ಶಿಗಳಾಗಿದ್ದು, ಒಂದು ಪೈಸೆಯ ಆಕ್ಷೇಪಣೆಯೂ ಇಲ್ಲದಂತೆ ಲೆಕ್ಕ ಇಟ್ಟವರು. ವಯಸ್ಸು ಅರವತ್ತೆಂಟು. ಮಂಚದ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದು ತೋರಿಸಿದರು. ಅಂಥವು ಇನ್ನೂ ಏಳು ಇದ್ದವು. ಒಳಗೆ ಪುಷ್ಟಿಯ ಪುಡಿ, ಕೀಲುನೋವಿನ ಗುಳಿಗೆ, ಸಕ್ಕರೆ ಕಾಯಿಲೆಗೆಂದು ಹೇಳಿ ಮಾರುವ ರಸದ ಸೀಸೆಗಳು.

“ಅಯ್ಯನವರ, ಇದರಾಗ ನನ್ನ ಒಂದು ಲಕ್ಷ ಅರವತ್ತು ಸಾವಿರ ಕುಂತಾವ್ರಿ. ಮಗನಿಗೆ ಹೇಳಿಲ್ಲ. ನೀವೂ ನಾಲ್ಕು ಭಕ್ತರ ಮನಿಗೆ ಹೋಗೋರು, ಒಂದು ಮಾತು ಹೇಳಿದ್ರ ಖಾಲಿ ಆಗ್ತಾವ,” ಎಂದರು.

ನಡೆದುದಿಷ್ಟು. ಬೆಳಗಿನ ವಾಯುವಿಹಾರದಲ್ಲಿ ಪರಿಚಿತರಾದವರೊಬ್ಬರು ಇವರನ್ನು ಒಂದು ಸಭೆಗೆ ಕರೆದೊಯ್ದರು. ಅಲ್ಲಿ ಎರಡು ಆಶ್ವಾಸನೆಗಳು ದೊರೆತವು: ಈ ಪುಡಿಯನ್ನು ಸೇವಿಸಿದರೆ ಆರೋಗ್ಯ, ಆರು ಜನರನ್ನು ಸೇರಿಸಿದರೆ ಮನೆಯಲ್ಲಿ ಕುಳಿತೇ ತಿಂಗಳ ಆದಾಯ. ಇವರು ಎರಡನ್ನೂ ನಂಬಿದರು. ತಮ್ಮ ಉಳಿತಾಯದಿಂದ ಸರಕು ಕೊಂಡರು. ಬಸವ ಸಮಿತಿಯ ಪ್ರಾರ್ಥನೆಗೆ ಬರುತ್ತಿದ್ದ ಮೂವರು ಹಿರಿಯರನ್ನು ಸೇರಿಸಿದರು. ಮುಂದೆ ಯಾರೂ ಸಿಕ್ಕಲಿಲ್ಲ. ಇದಕ್ಕಿಂತ ಕಳವಳದ ಸಂಗತಿಯೆಂದರೆ, ಪುಡಿಯ ಮೇಲಿನ ನಂಬಿಕೆಯಿಂದ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದರು. ಆಷಾಢದಲ್ಲಿ ಒಂದು ಮುಂಜಾನೆ ಸ್ನಾನದ ಮನೆಯಲ್ಲಿ ಕುಸಿದುಬಿದ್ದಾಗ ಮನೆಯವರೆಲ್ಲ ಗಾಬರಿಯಾಗಿದ್ದರಂತೆ. ಕಾರಣವನ್ನು ಅವರು ಯಾರಿಗೂ ತಿಳಿಸಿರಲಿಲ್ಲ.

ನಮಗೆ ಸಿಟ್ಟು ಬರಲಿಲ್ಲ, ವ್ಯಥೆಯಾಯಿತು. “ಯಜಮಾನರೇ, ತಮಗೆ ಇಲ್ಲಿ ಊಟಕ್ಕೆ ಕೊರತೆಯೇ? ಮಗ ಸೊಸೆ ಆದರಿಸುವುದಿಲ್ಲವೇ?” ಎಂದು ಕೇಳಿದೆವು.

“ಬಂಗಾರದಂಥ ಮಕ್ಕಳ್ರೀ. ಕೇಳಿದ್ರ ಕೊಡ್ತಾರ. ಆದ್ರ ಕೇಳಬೇಕಲ್ರೀ,” ಎಂದರು. ಸ್ವಲ್ಪ ತಡೆದು, “ಊರ ಜಾತ್ರಿಗೆ ಮಠಕ್ಕ ಕಾಣಿಕಿ ಕೊಡಾಕೂ ಮಗನ ಮುಂದ ಕೈ ಚಾಚಬೇಕು. ಮೂವತ್ತು ವರ್ಷ ನನ್ನ ಕೈಲೆ ಕೊಟ್ಟ ಕೈ ಇದು,” ಎಂದು ಸುಮ್ಮನಾದರು.

ಬಂಧುಗಳೇ, ಇಳಿವಯಸ್ಸಿನ ಗಳಿಕೆಯ ಪ್ರಶ್ನೆ ಇರುವುದು ಇಲ್ಲಿಯೇ. ಇದನ್ನು ದುರಾಸೆಯೆಂದು ತಳ್ಳಿಹಾಕುವವರು ಹಿರಿಯರ ಮನಸ್ಸನ್ನು ಅರಿಯದವರು. ಮಹದೇವಪುರ, ಪೀಣ್ಯಗಳ ಕಾರ್ಖಾನೆಗಳಿಂದ ನಿವೃತ್ತರಾದ ಎಷ್ಟೋ ಕಾರ್ಮಿಕರಿಗೆ ಬರುವ ಭವಿಷ್ಯನಿಧಿ ಪಿಂಚಣಿ ಅತ್ಯಲ್ಪ. ಆ ಯೋಜನೆಯಲ್ಲಿ 2014 ರಲ್ಲಿ ನಿಗದಿಯಾದ ಕನಿಷ್ಠ ಮೊತ್ತವೇ ತಿಂಗಳಿಗೆ 1,000 ರೂಪಾಯಿ. ಅಂಥವರಿಗೆ ಗಳಿಕೆ ಹೊಟ್ಟೆಪಾಡಿನ ಅಗತ್ಯ. ಮಕ್ಕಳ ಆಶ್ರಯದಲ್ಲಿರುವವರಿಗೆ ಅದು ಮರ್ಯಾದೆಯ ಅಗತ್ಯ. ಕೊಟ್ಟು ಬಾಳಿದ ಕೈ ಬೇಡುವ ಕೈಯಾಗಲು ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನೇ ವ್ಯಾಪಾರದ ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ.

ನಾವು ಒಂದು ಕಾಗದ, ಪೆನ್ಸಿಲು ತರಿಸಿ, “ತಾವು ಲೆಕ್ಕದಲ್ಲಿ ಪಳಗಿದವರು. ಒಬ್ಬರು ಆರು ಜನರನ್ನು, ಆ ಆರೂ ಜನ ತಲಾ ಆರು ಜನರನ್ನು ಸೇರಿಸಿದರೆ ಏನಾಗುವುದೆಂದು ಬರೆಯಿರಿ,” ಎಂದೆವು. ಅವರು ಬರೆದರು: ಆರು, ಮೂವತ್ತಾರು, ಇನ್ನೂರ ಹದಿನಾರು, 1,296, 7,776. ಐದನೆಯ ಸಾಲಿನವರೆಗೆ ಮುಖದಲ್ಲಿ ಉತ್ಸಾಹವಿತ್ತು. ಒಂಬತ್ತನೆಯ ಸಾಲಿಗೆ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಹತ್ತನೆಯ ಸಾಲಿಗೆ 6,04,66,176. ಎಲ್ಲ ಸಾಲುಗಳನ್ನೂ ಕೂಡಿಸಿದಾಗ ಏಳು ಕೋಟಿ ಇಪ್ಪತ್ತೈದು ಲಕ್ಷಕ್ಕೂ ಮೇಲಾಯಿತು. 2011 ರ ಜನಗಣತಿಯಂತೆ ಕರ್ನಾಟಕದ ಒಟ್ಟು ಜನಸಂಖ್ಯೆ 6 ಕೋಟಿ 11 ಲಕ್ಷ. ಹಸುಗೂಸುಗಳನ್ನು ಸೇರಿಸಿದರೂ ಹತ್ತನೆಯ ಸಾಲನ್ನು ತುಂಬಲು ನಾಡಿನಲ್ಲಿ ಜನರಿಲ್ಲ! ಕಾರ್ಯದರ್ಶಿಗಳು ಪೆನ್ಸಿಲನ್ನು ಕೆಳಗಿಟ್ಟರು. “ಇಷ್ಟು ಸಣ್ಣ ಲೆಕ್ಕ ನನಗ ಯಾಕ ಹೊಳೀಲಿಲ್ಲ?” ಎಂದರು.

ಸರಕಿನ ಮಾರಾಟದಿಂದಲ್ಲದೆ, ಜನರನ್ನು ಸೇರಿಸುವುದರಿಂದಲೇ ಹಣ ಹುಟ್ಟುವ ವ್ಯವಸ್ಥೆಯಲ್ಲಿ ಮೇಲಿನ ಕೆಲವರ ಲಾಭವು ಕೆಳಗಿನ ಹಲವರ ನಷ್ಟವೇ ಆಗಿರುತ್ತದೆ. ಆದುದರಿಂದಲೇ ಹಣ ಚಲಾವಣೆಯ ಇಂಥ ಯೋಜನೆಗಳನ್ನು ನಮ್ಮ ದೇಶದಲ್ಲಿ 1978 ರ ಕಾಯಿದೆಯೇ ನಿಷೇಧಿಸಿದೆ. 2021 ರ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ನೇರ ಮಾರಾಟವೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಕೊಳ್ಳುವವನಿಗೆ ನಿಜವಾಗಿ ಬೇಕಾದ ಸರಕನ್ನು ನ್ಯಾಯವಾದ ಬೆಲೆಗೆ ಮಾರುವುದು ವ್ಯಾಪಾರ. ಬಂಧುತ್ವವನ್ನು ಮಾರುವುದು ವ್ಯಾಪಾರವಲ್ಲ.

ಅನಂತರ ಡಬ್ಬಿಯೊಂದನ್ನು ತೆಗೆದುಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಲು ಹೇಳಿದೆವು. ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿತ್ತು. ಪೂರಕ ಆಹಾರಗಳ ಮೇಲೆ ಹೀಗೆ ಅಚ್ಚು ಹಾಕಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಸಭೆಯಲ್ಲಿ ಬಾಯಿ ಹೇಳಿದ್ದನ್ನು ಡಬ್ಬಿಯೇ ಅಲ್ಲಗಳೆಯುತ್ತಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದುವನ್ನು ಗುಣಪಡಿಸುತ್ತೇವೆಂದು ಔಷಧಗಳ ಜಾಹೀರಾತು ಮಾಡುವುದನ್ನು 1954 ರ ಕಾಯಿದೆಯು ತಡೆದಿದೆ. ರಕ್ತದೊತ್ತಡವು ಬಹುಮಟ್ಟಿಗೆ ನೋವು ಕೊಡದ ವ್ಯಾಧಿ. ಮಾತ್ರೆ ಬಿಟ್ಟರೂ ಕೆಲವು ದಿನ ಏನೂ ಆಗದಂತೆ ತೋರುತ್ತದೆ. ಒಳಗೆ ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ವೈದ್ಯರ ಮಾತಿಲ್ಲದೆ ಮಾತ್ರೆಯನ್ನು ಬಿಡಲಾಗದು. ಅಂದು ಸಂಜೆಯೇ ಮಗನಿಗೆ ಎಲ್ಲವನ್ನೂ ತಿಳಿಸಿ ವೈದ್ಯರಲ್ಲಿಗೆ ಹೋಗುವುದಾಗಿ ಅವರಿಂದ ಮಾತು ಪಡೆದು ನಾವು ಹೊರಟೆವು.

ಹೊರಡುವ ಮುನ್ನ ಆಯ್ದಕ್ಕಿ ದಂಪತಿಗಳ ಕಥೆಯನ್ನು ಆ ಮನೆಯ ತಾಯಿಗೂ ಕೇಳುವಂತೆ ಹೇಳಿದೆವು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದರು. ಬಡತನದಲ್ಲಿದ್ದ ಆ ತಾಯಿಗೆ ಅಕ್ಕಿ ಬೇಡವಾಗಿತ್ತೆಂದಲ್ಲ. ಬೆವರಿಲ್ಲದೆ ಬಂದ ಹೆಚ್ಚುವರಿಯು ಮನೆಯ ಶಾಂತಿಯನ್ನು ಕದಡುವುದೆಂಬ ಅರಿವು ಅವರಿಗಿತ್ತು.

ಶಿವರಾತ್ರಿ ಕಳೆದ ಮರುವಾರ ಆ ಕಡೆಗೆ ಹೋಗಿದ್ದಾಗ ಮತ್ತೆ ಆ ಮನೆಗೆ ಭೇಟಿಯಿತ್ತೆವು. ಮಂಚದ ಕೆಳಗೆ ಪೆಟ್ಟಿಗೆಗಳಿರಲಿಲ್ಲ. ಮಗ ಗದರಲಿಲ್ಲವಂತೆ; “ಅಪ್ಪಾ, ನನಗ ಮೊದಲೇ ಹೇಳಬಾರದಿತ್ತೇನು?” ಎಂದು ಕಣ್ಣೀರಿಟ್ಟನಂತೆ. ಒಡೆಯದ ಡಬ್ಬಿಗಳಲ್ಲಿ ಸ್ವಲ್ಪ ಭಾಗವನ್ನು ಕಂಪನಿಯವರು ಮರಳಿ ಪಡೆದರು. ಉಳಿದ ಹಣ ಹೋದದ್ದು ಹೋಯಿತು. ಆದರೆ ಕಾರ್ಯದರ್ಶಿಗಳನ್ನು ಬಾಧಿಸುತ್ತಿದ್ದುದು ಆ ನಷ್ಟವಲ್ಲ. ತಮ್ಮ ಮಾತು ನಂಬಿ ಸೇರಿದ ಮೂವರು ಹಿರಿಯರ ಹಣ. ಮಗ ತಾನೇ ಕೊಡುವೆನೆಂದರೂ ಅವರು ಒಪ್ಪಲಿಲ್ಲ. ಮೂವರ ಮನೆಗೂ ಹೋಗಿ ತಪ್ಪನ್ನು ಒಪ್ಪಿಕೊಂಡು, ತಾವೇ ದುಡಿದು ತೀರಿಸುವೆನೆಂದು ಹೇಳಿ ಬಂದರು.

ಈಗ ಅವರು ಹತ್ತಿರದ ಕಿರಾಣಿ ಅಂಗಡಿಗೂ ಹಾಲಿನ ಕೇಂದ್ರಕ್ಕೂ ದಿನಕ್ಕೆ ಮೂರು ಗಂಟೆ ಲೆಕ್ಕ ಬರೆಯುತ್ತಾರೆ. ಬಸವಣ್ಣನವರೂ ಬಿಜ್ಜಳನಲ್ಲಿ ಕರಣಿಕರಾಗಿ ಲೆಕ್ಕ ಬರೆದೇ ಮೇಲೆ ಬಂದವರಲ್ಲವೇ? ಹೋಗಿಬರುವುದು ನಡಿಗೆಯಲ್ಲಿಯೇ. ಆ ತಾಯಿ ಮುಂಜಾನೆ ನಲವತ್ತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳೊಡನೆ ಅದೇ ಕಟ್ಟಡಗಳ ಮನೆಗಳಿಗೆ ಕೊಡುತ್ತಾರೆ. ಊರು ಬಿಟ್ಟುಬಂದ ಮಕ್ಕಳಿಗೆ ಆ ರೊಟ್ಟಿಯೇ ತವರು. ನೂರು ಬೇಕೆಂದು ಕೇಳುವವರಿದ್ದಾರಂತೆ. “ಮೊಣಕಾಲು ನಲವತ್ತಕ್ಕ ಸಾಕು ಅಂತಾವ್ರೀ, ಅವು ಹೇಳಿದಂಗ ಕೇಳತೀನಿ,” ಎಂದು ನಕ್ಕರು. ಲಕ್ಕಮ್ಮನವರ ಕಥೆಯನ್ನು ಅವರು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾರೆಂದು ನಮಗೆ ತೋರಿತು. ಮೂವರಲ್ಲಿ ಇಬ್ಬರ ಹಣ ಸಂದಾಯವಾಗಿದೆ. ಮೂರನೆಯವರದು ಅರ್ಧ ಉಳಿದಿದೆ.

ಇದೇ ಸ್ಥಿತಿಯಲ್ಲಿರುವ ಹಿರಿಯರಿಗೆ ನಾವು ಹೇಳಬಯಸುವ ಮಾತುಗಳಿವು. ಮೊದಲನೆಯದಾಗಿ, ಇಡುಗಂಟನ್ನು ಕಾಪಾಡಿಕೊಳ್ಳುವುದೇ ವೃದ್ಧಾಪ್ಯದ ಮೊದಲ ಗಳಿಕೆ. ಅರವತ್ತು ತುಂಬಿದವರಿಗೆಂದೇ ಅಂಚೆ ಕಚೇರಿ ಹಾಗೂ ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. ಐದು ವರ್ಷದ ಅವಧಿ, 2023 ರಿಂದ 30 ಲಕ್ಷದವರೆಗೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದೇ ಕಡೆ ಇಡಬಾರದು. 2020 ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿದಾಗ ಕಂಗೆಟ್ಟವರಲ್ಲಿ ನಿವೃತ್ತರೇ ಬಹಳ ಮಂದಿ. ವಿಮೆಯ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ಮಾತ್ರ ಎಂಬುದನ್ನು ನೆನಪಿಡಬೇಕು.

ಎರಡನೆಯದಾಗಿ, ದುಡಿಯಲು ಮೊದಲೇ ಹಣ ಕಟ್ಟಬೇಕೆಂದು ಹೇಳುವ ಕೆಲಸವನ್ನು ದೂರವಿಡಿರಿ. ಕೈಗೆ ಬಂದ ವಿದ್ಯೆಯಿಂದ ಆರಂಭಿಸಿರಿ: ಲೆಕ್ಕ, ಹೊಲಿಗೆ, ಅಡಿಗೆ, ಹೂಕಟ್ಟುವುದು, ಮಕ್ಕಳಿಗೆ ಪಾಠ, ಪರಭಾಷಿಕರಿಗೆ ಕನ್ನಡ. ಆಹಾರ ತಯಾರಿಸಿ ಮಾರುವವರು ಸಣ್ಣ ಪ್ರಮಾಣದವರಾದರೂ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಸಂದೇಹ ಬಂದರೆ ಗ್ರಾಹಕ ಸಹಾಯವಾಣಿ 1915 ಇದೆ. ಹಿರಿಯರಿಗೆಂದೇ 14567 ಇದೆ.

ಮೂರನೆಯದಾಗಿ, ಆರೋಗ್ಯವು ಡಬ್ಬಿಯಲ್ಲಿ ಬರುವುದಿಲ್ಲ. ಅರವತ್ತೈದು ದಾಟಿದವರೂ ಶಕ್ತ್ಯನುಸಾರ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು, ಬೀಳದಂತೆ ದೇಹದ ಸಮತೋಲನವನ್ನು ರೂಢಿಸಿಕೊಳ್ಳಬೇಕು, ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು 1907 ರಲ್ಲಿ ಜನಿಸಿ 2019 ರವರೆಗೆ ಬಾಳಿದರು. ನೂರು ದಾಟಿದ ಮೇಲೂ ನಸುಕಿನಲ್ಲೆದ್ದು ಪೂಜೆ ಮುಗಿಸಿ, ಮಿತಾಹಾರ ಸೇವಿಸಿ, ಸಾವಿರಾರು ಮಕ್ಕಳ ಅನ್ನ ಅಕ್ಷರಗಳ ಚಿಂತೆಯಲ್ಲಿ ತೊಡಗಿರುತ್ತಿದ್ದರು. ಅವರ ಆಯುಸ್ಸು ಎಲ್ಲರಿಗೂ ಬಾರದು. ಅವರ ನಿಯಮವನ್ನು ಯಾರಾದರೂ ಹಿಡಿಯಬಹುದು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ತಂದೆತಾಯಿ ಕೇಳಲೆಂದು ಕಾಯಬೇಡಿರಿ. ತಿಂಗಳ ಮೊದಲ ದಿನವೇ ಒಂದಿಷ್ಟು ಹಣವನ್ನು ಲೆಕ್ಕ ಕೇಳದೆ ಅವರ ಕೈಯಲ್ಲಿಡಿರಿ. ಅವರು ಕೆಲಸ ಮಾಡುತ್ತೇವೆಂದರೆ, ಜನ ಏನೆಂದಾರು ಎಂದು ತಡೆಯಬೇಡಿರಿ. ಶರಣರ ಸಮಾಜದಲ್ಲಿ ನಾಚಬೇಕಾದವನು ದುಡಿಯುವ ಮುದುಕನಲ್ಲ.

ನಾವು ಹೊರಟು ನಿಂತಾಗ ಕಾರ್ಯದರ್ಶಿಗಳು ಒಂದು ಲಕೋಟೆಯನ್ನು ಕೊಟ್ಟರು. “ಅಯ್ಯನವರ, ಮಠದ ದಾಸೋಹಕ್ಕ. ನೂರಾ ಒಂದು ಅದ. ನನ್ನ ದುಡಿಮಿದು,” ಎಂದರು. ಇನ್ನೂ ತೀರಬೇಕಾದ ಬಾಕಿಯನ್ನು ನೆನೆದು ಬೇಡವೆನ್ನಲು ಹೊರಟವರು ಅವರ ಮುಖವನ್ನು ನೋಡಿ ಎರಡೂ ಕೈಗಳಿಂದ ಸ್ವೀಕರಿಸಿದೆವು.