ಶಸ್ತ್ರವೈದ್ಯರ ಪೂರ್ವಾಭ್ಯಾಸ

ವಿದ್ಯೆಯನ್ನು ಕಲಿಯುವವನು ಮೊದಮೊದಲು ತಪ್ಪುವುದು ಸಹಜವು. ಅಕ್ಷರ ಕಲಿಯುವವನ ತಪ್ಪನ್ನು ಹಲಗೆಯು ಸಹಿಸುತ್ತದೆ. ನೇಯ್ಗೆ ಕಲಿಯುವವನ ತಪ್ಪನ್ನು ನೂಲು ಸಹಿಸುತ್ತದೆ. ಶಸ್ತ್ರವೈದ್ಯನ ತಪ್ಪನ್ನಾದರೋ ರೋಗಿಯೇ ಸಹಿಸಬೇಕು. ಆದುದರಿಂದ ಆತನ ಮೊದಲ ತಪ್ಪುಗಳು ಎಲ್ಲಿ ನಡೆಯಬೇಕೆಂಬ ಪ್ರಶ್ನೆಯು ಕೇವಲ ವೈದ್ಯರಿಗೆ ಸೇರಿದುದಲ್ಲ. ಅದು ಸಾರ್ವಜನಿಕರಿಗೂ ಸೇರಿದುದು.

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಸಲಕರಣೆಗಳನ್ನೂ ಒಳಗಿಳಿಸಿ ನಡೆಸುವ ಲ್ಯಾಪರೊಸ್ಕೋಪಿ ಪದ್ಧತಿಯಿಂದ ಪಿತ್ತಕೋಶವನ್ನು ತೆಗೆಯುವ ಕ್ರಮವು 1985ರಲ್ಲಿ ಜರ್ಮನಿಯಲ್ಲಿ ಎರಿಕ್ ಮ್ಯೂ ಅವರಿಂದ ಪ್ರಾರಂಭವಾಯಿತು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ತೆಹಮ್ಟನ್ ಉದ್ವಾಡಿಯಾ ಅವರು ಅದಕ್ಕೆ ನಾಂದಿ ಹಾಡಿದರು. ಗಾಯವು ಚಿಕ್ಕದು, ನೋವು ಕಡಮೆ, ರೋಗಿಯು ಬೇಗನೆ ಮನೆಗೆ ಹಿಂದಿರುಗಿ ದುಡಿಮೆಗೆ ತೊಡಗಬಹುದು. ದಿನಗೂಲಿಯವನಿಗೆ ಇದು ಸಾಮಾನ್ಯ ಉಪಕಾರವಲ್ಲ.

ಆದರೆ ರೋಗಿಗೆ ಸುಲಭವಾದುದು ವೈದ್ಯನಿಗೆ ಕಠಿನವಾಗಿದೆ. ಆತನು ನೋಡುವುದು ಪರದೆಯ ಮೇಲಿನ ಚಪ್ಪಟೆ ಚಿತ್ರವನ್ನು. ಆಳವನ್ನು ಊಹೆಯಿಂದಲೇ ಅರಿಯಬೇಕು. ಬೆರಳಿನ ಸ್ಪರ್ಶಜ್ಞಾನವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಉದ್ದನೆಯ ಸಲಕರಣೆಯು ರಂಧ್ರದಲ್ಲಿ ಸನ್ನೆಕೋಲಿನಂತೆ ತಿರುಗುವುದರಿಂದ, ಕೈಯನ್ನು ಬಲಕ್ಕೆ ಸರಿಸಿದರೆ ಅದರ ತುದಿಯು ಎಡಕ್ಕೆ ಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ನುರಿತ ಕೈಗೂ ಇದು ಹೊಸ ವಿದ್ಯೆಯೇ ಸರಿ.

ಈ ಹೊಸತನದ ಬೆಲೆಯನ್ನು ತೆತ್ತವರಾರು? ಅಮೆರಿಕೆಯಲ್ಲಿ 55 ಮಂದಿ ಶಸ್ತ್ರವೈದ್ಯರು ನಡೆಸಿದ 8,839 ಪಿತ್ತಕೋಶದ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟಿಸಿದ ವರದಿಯು ಇದಕ್ಕೆ ಉತ್ತರ ಕೊಡುತ್ತದೆ. ಪಿತ್ತನಾಳಕ್ಕೆ ಉಂಟಾದ ಗಾಯಗಳಲ್ಲಿ ನೂರಕ್ಕೆ 90ರಷ್ಟು, ಆಯಾ ವೈದ್ಯನ ಮೊದಲ 30 ಶಸ್ತ್ರಕ್ರಿಯೆಗಳಲ್ಲಿಯೇ ಘಟಿಸಿದ್ದುವು. ಅಪಾಯದ ಸಂಭವವು ಮೊದಲನೆಯ ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 1.7ರಷ್ಟಿದ್ದರೆ, 50ನೆಯದರಲ್ಲಿ ಅದರ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಪಿತ್ತನಾಳವು ತುಂಡಾದ ರೋಗಿಯು ಮತ್ತೆ ಮತ್ತೆ ಆಸ್ಪತ್ರೆಯ ಮೆಟ್ಟಲು ಹತ್ತಬೇಕಾಗುತ್ತದೆ. ಒಮ್ಮೊಮ್ಮೆ ಪ್ರಾಣವನ್ನೇ ನೀಗಬೇಕಾಗುತ್ತದೆ. ವೈದ್ಯನ ಅನುಭವವು ರೋಗಿಯ ದೇಹದ ಖರ್ಚಿನಲ್ಲಿಯೇ ಬೆಳೆಯಬೇಕೆಂಬುದು ನ್ಯಾಯವೆ?

ಬೇರೆ ಮಾರ್ಗವಿದೆ. ಪೆಟ್ಟಿಗೆಯೊಂದರಲ್ಲಿ ರಂಧ್ರಗಳನ್ನು ಮಾಡಿ, ಒಳಗೆ ಕ್ಯಾಮೆರಾವನ್ನಿರಿಸಿ, ಪರದೆಯನ್ನು ನೋಡುತ್ತ ಗೂಟಗಳ ಮೇಲಿನ ತುಣುಕುಗಳನ್ನು ಸ್ಥಳಾಂತರಿಸುವುದು, ಬಟ್ಟೆಯನ್ನು ಗೆರೆ ತಪ್ಪದೆ ಕತ್ತರಿಸುವುದು, ಗಂಟು ಹಾಕುವುದು, ಹೊಲಿಗೆ ಹಾಕುವುದು ಇವೇ ಆ ಅಭ್ಯಾಸಗಳು. ಕಂಪ್ಯೂಟರ್ ಯಂತ್ರಗಳಲ್ಲಿ ಕೃತಕ ಉದರದೊಳಗೆ ಕೆಲಸಮಾಡುವ ಸೌಕರ್ಯವೂ ಉಂಟು. ಯೇಲ್ ವಿಶ್ವವಿದ್ಯಾನಿಲಯದವರು 16 ಮಂದಿ ಕಲಿಯುವ ವೈದ್ಯರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಯಂತ್ರದ ಮೇಲೆ ಅಭ್ಯಾಸ ಮಾಡಿದವರು ನೂರಕ್ಕೆ 29ರಷ್ಟು ಬೇಗನೆ ಕೆಲಸ ಮುಗಿಸಿದರು. ಅಭ್ಯಾಸವಿಲ್ಲದವರಲ್ಲಿ ಪಿತ್ತಕೋಶಕ್ಕೆ ಗಾಯಮಾಡುವ ಅಥವಾ ಅನ್ಯ ಭಾಗವನ್ನು ಸುಡುವ ಸಂಭವವು 5 ಪಟ್ಟು ಹೆಚ್ಚಾಗಿ ಕಂಡಿತು. ಅಮೆರಿಕೆಯ ಶಸ್ತ್ರವೈದ್ಯ ಮಂಡಲಿಯು 2009-10ನೆಯ ಸಾಲಿನಿಂದ ಇಂತಹ ಪೆಟ್ಟಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದನ್ನು ಕಡ್ಡಾಯಗೊಳಿಸಿತು.

ಇದನ್ನು ಪಾಶ್ಚಾತ್ಯರ ಹೊಸ ಶೋಧವೆಂದು ಬೆರಗಾಗುವವರಿಗೆ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನೆನಪಿಸಬೇಕಾಗುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಇದೇ ವಿಷಯಕ್ಕೆ ಮೀಸಲಾಗಿದೆ. ಛೇದನವನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಸಿರಾವೇಧವನ್ನು ತಾವರೆಯ ದಂಟಿನ ಮೇಲೆ, ಹೊಲಿಗೆಯನ್ನು ದಪ್ಪ ಬಟ್ಟೆ ಮತ್ತು ಮೃದು ಚರ್ಮದ ಮೇಲೆ ಕಲಿಯಬೇಕೆಂದೂ, ಎಷ್ಟು ಶಾಸ್ತ್ರ ಓದಿದವನಾದರೂ ಈ ಅಭ್ಯಾಸವಿಲ್ಲದವನು ಶಸ್ತ್ರಕರ್ಮಕ್ಕೆ ಅರ್ಹನಲ್ಲವೆಂದೂ ಅಲ್ಲಿ ವಿಧಿಸಲಾಗಿದೆ. ಆದರೆ ಪೂರ್ವಿಕರನ್ನು ಕೊಂಡಾಡುವುದರಿಂದ ಮಾತ್ರ ಯಾವ ರೋಗಿಯೂ ಬದುಕುವುದಿಲ್ಲ. ಅವರ ವಿಧಿಯನ್ನು ಪಾಲಿಸಬೇಕು.

ಪೆಟ್ಟಿಗೆಯು ಜೀವಂತ ದೇಹವಲ್ಲ, ಅದರಲ್ಲಿ ರಕ್ತ ಸುರಿಯುವುದಿಲ್ಲ, ವಿವೇಕವನ್ನು ಗುರುವಿನ ಬಳಿಯೇ ಕಲಿಯಬೇಕು ಎಂಬ ಆಕ್ಷೇಪವುಂಟು. ಅದು ನಿಜವು. ಆದರೆ ಕೈಯು ತಡವರಿಸದಿದ್ದರೆ ತಾನೆ ಬುದ್ಧಿಯು ನಾಳಗಳನ್ನು ಗುರುತಿಸುವುದಕ್ಕೆ ಬಿಡುವಾಗುವುದು? ಹಣವಿಲ್ಲವೆಂಬ ಮಾತಾದರೋ ನಿಲ್ಲಲಾರದು. ಯಂತ್ರಗಳಿಗೆ ಲಕ್ಷಗಟ್ಟಲೆ ಬೇಕಾದೀತು. ಸಾಧಾರಣ ಪೆಟ್ಟಿಗೆಯನ್ನು ಒಂದು ಮೊಬೈಲ್ ಫೋನಿನ ಸಹಾಯದಿಂದ ವಿದ್ಯಾರ್ಥಿಯೇ ಕಟ್ಟಿಕೊಳ್ಳಬಹುದು.

ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲಿಯೂ ಕೌಶಲ ಪ್ರಯೋಗಶಾಲೆ ಇರಬೇಕೆಂದು 2019ರ ವೈದ್ಯ ಪದವಿ ನಿಯಮಗಳು ವಿಧಿಸಿದುವು. ಕೋಣೆಯಿದ್ದರೆ ಸಾಲದು. ಅದರ ಬೀಗವು ದಿನವೂ ತೆರೆಯಬೇಕು, ಕಲಿಸಲು ಉಪಾಧ್ಯಾಯನೊಬ್ಬನಿರಬೇಕು, ರಾತ್ರಿಪಾಳಿಯಿಂದ ದಣಿದ ಯುವ ವೈದ್ಯನಿಗೆ ಕರ್ತವ್ಯದ ವೇಳೆಯಲ್ಲಿಯೇ ಅಭ್ಯಾಸಕ್ಕೆ ಅವಕಾಶ ದೊರೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ಪೆಟ್ಟಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದವನ ಕೈಗೆ ರೋಗಿಯ ಮೇಲೆ ಸಲಕರಣೆಯನ್ನು ಕೊಡಕೂಡದೆಂಬ ನಿಯಮವು ಜಾರಿಗೆ ಬರಬೇಕು. ಸರಕಾರದ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಧಿಕಾರಿಗಳ ಲಕ್ಷ್ಯವನ್ನು ನಾವು ಈ ಅಂಶದ ಕಡೆಗೆ ವಿಶೇಷವಾಗಿ ಸೆಳೆಯಬಯಸುತ್ತೇವೆ.

ಹಣವಂತನು ನುರಿತ ವೈದ್ಯನನ್ನು ಆರಿಸಿಕೊಳ್ಳಬಲ್ಲನು. ಸಾಮಾನ್ಯ ವಾರ್ಡಿನಲ್ಲಿ ಮಲಗಿರುವ ಬಡವನಿಗೆ ಆ ಆಯ್ಕೆಯಿಲ್ಲ. ತನ್ನ ಹೊಟ್ಟೆಯು ಎಷ್ಟನೆಯದೆಂದು ಕೇಳುವ ಧೈರ್ಯವೂ ಅವನಿಗಿಲ್ಲ. ಅವನು ಕೇಳದಿದ್ದರೂ ಅವನ ಪರವಾಗಿ ಕೇಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ.