ಬಾಣಂತಿಯ ಪಥ್ಯವೂ ಅಹಿಂಸಾಣುವ್ರತವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ತುಪ್ಪ, ಕೊಬ್ಬರಿ, ಮೆಣಸಿನ ಸಾರು ಧಾರಾಳ. ಮೊಸರು ಮಜ್ಜಿಗೆಗಳು ಮಾತ್ರ ಥಂಡಿಯೆಂದು ವರ್ಜ್ಯ. ಗರ್ಭಿಣಿಯು ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದರೆ ಪ್ರಶಂಸೆ. ವೈದ್ಯರು ಬಿ-12 ಗುಳಿಗೆ ಬರೆದುಕೊಟ್ಟರೆ ಅದರಲ್ಲಿ ಏನು ಬೆರೆತಿದೆಯೋ ಎಂಬ ಶಂಕೆ. ಶಂಕೆ ತಪ್ಪಲ್ಲ. ವಿಚಾರಿಸದೆ ಗುಳಿಗೆಯನ್ನು ಕಪಾಟಿನಲ್ಲಿಟ್ಟು ಮರೆಯುವುದು ತಪ್ಪು.

1962ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಾಧವ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆರು ಶಿಶುಗಳ ವೃತ್ತಾಂತವನ್ನು ಪ್ರಕಟಿಸಿದರು. ಶಿಶುಗಳೆಲ್ಲ ಎದೆಹಾಲಿನವು, ತಾಯಂದಿರಲ್ಲಿ ಬಿ-12 ಕೊರತೆ. ಈ ವ್ಯಾಧಿಯಲ್ಲಿ ಹುಟ್ಟುವಾಗ ನೆಟ್ಟಗಿದ್ದ ಕೂಸು ಕೆಲವು ತಿಂಗಳಾದ ಮೇಲೆ ನಗುವುದನ್ನು ಮರೆಯುತ್ತದೆ. ನಿಂತಿದ್ದ ಕತ್ತು ಮತ್ತೆ ವಾಲುತ್ತದೆ. ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ಕೈ, ತಲೆ ನಡುಗುತ್ತವೆ. ಮೈ ತುಂಬಿಕೊಂಡೇ ಇರುವುದರಿಂದ, ಅಳದ ಕೂಸನ್ನು ಮನೆಯವರು ಸಾಧುವೆಂದು ಕೊಂಡಾಡುತ್ತಿರುತ್ತಾರೆ! ಚುಚ್ಚುಮದ್ದು ದೊರೆತರೆ ಕೆಲವೇ ದಿನಗಳಲ್ಲಿ ಲವಲವಿಕೆ ಮರಳುತ್ತದೆ. ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಶಾಶ್ವತವಾಗಿ ಉಳಿಯಬಹುದು.

ಪೂರ್ವಜರು ಗುಳಿಗೆ ನುಂಗಿದ್ದರೇ ಎಂದು ಕೇಳುವವರಿದ್ದಾರೆ. ಪೂರ್ವಜರ ಹಿತ್ತಿಲಲ್ಲಿ ಹಸುವಿತ್ತು. ಈ ಬಯಲುಸೀಮೆಯ ರಾಗಿ, ಶೇಂಗಾ, ತೆಂಗುಗಳಲ್ಲಿ ಬಿ-12 ಇಲ್ಲ. ತುಪ್ಪದಲ್ಲಿಯೂ ಇಲ್ಲವೆಂದೇ ಹೇಳಬೇಕು. 250 ಮಿ.ಲೀ. ಹಸುವಿನ ಹಾಲಿನಲ್ಲಿರುವುದು 1 ಮೈಕ್ರೊಗ್ರಾಮಿಗಿಂತ ತುಸು ಹೆಚ್ಚು. ಹಾಲೂಡಿಸುವ ತಾಯಿಗೆ ದಿನಕ್ಕೆ 2.8 ಮೈಕ್ರೊಗ್ರಾಂ ಬೇಕೆಂದು ಅಮೆರಿಕದ ತಜ್ಞರ ನಿಗದಿ. ಎರಡು ಲೋಟ ಚಹಾದ ಹಾಲಿನಿಂದ ಈ ಲೆಕ್ಕ ಚುಕ್ತವಾಗದು. ಸರಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಬಿ-12 ಅಲ್ಲ. ಫೋಲಿಕ್ ಆಮ್ಲವು ರಕ್ತಹೀನತೆಯನ್ನು ಮರೆಮಾಚಿ, ನರಗಳ ಹಾನಿಯನ್ನು ಹಾಗೆಯೇ ಬಿಡಲೂ ಸಾಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನ ನಿರೋಧವೂ ಒಂದು. ಬಾಣಂತಿಯ ಮೊಸರನ್ನು ತಡೆಯುವ ಅತ್ತೆ ಯಾವ ವ್ರತವನ್ನು ಪಾಲಿಸಿದಂತಾಯಿತು? ಆರನೆಯ ಅಧ್ಯಾಯವು ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತ್ಯನುಸಾರವೆಂದೇ ವಿಧಿಸಿದೆ. ಮೇಲಾಗಿ, ತಾಯಿ ಕೈಗೊಂಡ ತಪಸ್ಸಿಗೆ ಮೊಲೆಯುಣ್ಣುವ ಕೂಸಿನ ಒಪ್ಪಿಗೆಯನ್ನು ಕೇಳಿದವರಾರು?

ಗುಳಿಗೆಯ ಬಿ-12 ಮಾಂಸದಿಂದ ತೆಗೆದದ್ದಲ್ಲ. ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾದದ್ದು. ಮೊಸರನ್ನು ಒಪ್ಪುವ ಮನೆ ಇದನ್ನು ತಳ್ಳಲು ಕಾರಣವಿಲ್ಲ. ಹಾಲೂ ಹಿಂಸೆಯೆಂದು ಬಿಟ್ಟಿರುವ ಈಚಿನ ಯುವ ದಂಪತಿಗಳಿಗಂತೂ ಇದು ಅನಿವಾರ್ಯ. ಜಿಲೆಟಿನ್ ಹೊದಿಕೆಯ ಕ್ಯಾಪ್ಸೂಲು ಪ್ರಾಣಿಜನ್ಯ, ನಿಜ. ಔಷಧದಂಗಡಿಯಲ್ಲಿ ಸಾದಾ ಗುಳಿಗೆಯನ್ನೇ ಕೇಳಬೇಕು.

ಇನ್ನು ಬಸದಿಗಳ ಟ್ರಸ್ಟುಗಳು. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಸೇರಿದೆ. ಪೂಜಾ ಮಹೋತ್ಸವದ ಶಾಮಿಯಾನಕ್ಕೆ ಹಣ ಹೊಂದಿಸುವ ಆಡಳಿತ ಮಂಡಳಿಗಳು, ಮುಂದಿನ ವರ್ಷದ ಆಯವ್ಯಯದಲ್ಲಿ ಗರ್ಭಿಣಿ ಬಾಣಂತಿಯರ ರಕ್ತಪರೀಕ್ಷೆಗೂ ಗುಳಿಗೆಗೂ ಒಂದು ಬಾಬ್ತು ತೆರೆಯಲಿ.